ಕುಳಿತು ನೋಡುವ ಕಡಲು

ಸಮುದ್ರವು ಶಿಗ್ಗಾಂವಕ್ಕೆ ದೂರವಲ್ಲವೆಂದು ಭೂಗೋಳವು ಎಷ್ಟೇ ಸಾಧಿಸಿ ಹೇಳಿದರೂ ಶಿಗ್ಗಾಂವದ ಹಿರಿಯರು ಅದನ್ನು ಸುಲಭವಾಗಿ ಒಪ್ಪುವವರಲ್ಲ. ನಮ್ಮ ಊರೂ ಕಾರವಾರವೂ ಹೆಚ್ಚುಕಡಮೆ ಒಂದೇ ಅಕ್ಷಾಂಶದ ಮೇಲಿರುವುವು. ನಮ್ಮ ಹೊಲಗಳ ಪಡುವಣ ಬದುವಿನಾಚೆ ಮರೆಯಾದ ಸೂರ್ಯನು ಅಲ್ಲಿಯ ನೀರಿಗೆ ಇಳಿಯಲು ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಸೂರ್ಯನು ನಾಲ್ಕೈದು ನಿಮಿಷಗಳಲ್ಲಿ ಮುಗಿಸುವ ಪ್ರಯಾಣವನ್ನು ಮೊಣಕಾಲುನೋವಿನ ಮನುಷ್ಯನು ಮುಗಿಸಬೇಕಾದರೆ, ಮುಂಡಗೋಡ ಯಲ್ಲಾಪುರಗಳನ್ನು ದಾಟಿ, ಅರಬೈಲ ಘಟ್ಟವನ್ನಿಳಿದು, ಅಂಕೋಲೆಯ ಬಳಿ ಬಲಕ್ಕೆ ಹೊರಳಿ, ನೂರೈವತ್ತು ಕಿಲೋಮೀಟರಿಗೂ ಮಿಕ್ಕ ಹಾದಿಯನ್ನು ಸವೆಸಬೇಕಾಗುವುದು. ಅದೂ ಅಲ್ಲದೆ, ಪಡುವಣ ಕಡಲಿನ ಪರಿಚಯವು ನಮ್ಮ ನೆಲದ ನೀರಿಗೇ ಇಲ್ಲ. ಇಲ್ಲಿ ಬಿದ್ದ ಮಳೆಯ ಬಹುಪಾಲು ವರದೆಯನ್ನು ಸೇರಿ, ತುಂಗಭದ್ರೆಯೊಡನೆ ಬೆರೆತು, ಕೃಷ್ಣೆಯ ಕೈಹಿಡಿದು, ಇಡೀ ದಕ್ಷಿಣಾಪಥವನ್ನು ಅಡ್ಡಹಾದು ಪೂರ್ವಸಮುದ್ರಕ್ಕೆ ಹೋಗಿ ಬೀಳುವುದು. ಹತ್ತಿರದ ಕಡಲನ್ನು ಬಿಟ್ಟು ದೂರದ ಕಡಲಿಗೆ ನಂಟು ಬೆಳೆಸಿದ ನೀರನ್ನು ಕುಡಿದು ಬೆಳೆದವರು ನಾವು.

ಹಾಗೆಂದು ನಮ್ಮ ಪೂರ್ವಿಕರಿಗೆ ಈ ದಾರಿಯು ಅಪರಿಚಿತವಾಗಿತ್ತೆಂದು ತಿಳಿಯತಕ್ಕದ್ದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳ ಮೇಲೆ ಘಟ್ಟವಿಳಿದು ಕರಾವಳಿಯಲ್ಲಿ ಹಡಗೇರುತ್ತಿದ್ದಿತು. ಹೊರಟ ಬಂದರಿನ ಹೆಸರೇ ಅಂಟಿಕೊಂಡು, ನಮ್ಮ ಕರಿನೆಲದಲ್ಲಿ ಬೆಳೆದ ಹತ್ತಿಯು ಪರದೇಶಗಳ ಪೇಟೆಯಲ್ಲಿ ಕುಮಟಾ ಹತ್ತಿಯೆನಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದ್ರಾಸು ಆಧಿಪತ್ಯವನ್ನು ಬಿಟ್ಟು ಮುಂಬಯಿ ಆಧಿಪತ್ಯಕ್ಕೆ ಸೇರಿದುದರ ಹಿಂದೆ, ಈ ಹತ್ತಿಗೊಂದು ಒಳ್ಳೆಯ ರಸ್ತೆಯೂ ಕಾರವಾರದಲ್ಲೊಂದು ಒಳ್ಳೆಯ ರೇವೂ ಬೇಕೆಂಬ ಇಂಗ್ಲಿಷ್ ವರ್ತಕರ ಒತ್ತಾಯವೂ ಕೆಲಸಮಾಡಿದ್ದಿತು. ಆ ಕಾಲದ ಗಾಡಿಯವರು ಹತ್ತಿಯ ಅಂಡಿಗೆಗಳನ್ನಿಳಿಸಿ, ಉಪ್ಪನ್ನೂ ತೆಂಗಿನಕಾಯಿಯನ್ನೂ ಹೇರಿಕೊಂಡು, ಎತ್ತುಗಳಿಗೆ ದಣಿವಾರಿದೊಡನೆ ಹಿಂದಿರುಗುತ್ತಿದ್ದಿರಬೇಕು. ಕೆಲಸವಿಲ್ಲದೆ ಕಡಲ ಮುಂದೆ ಸುಮ್ಮನೆ ಕುಳಿತಿರುವುದೆಂಬ ಭೋಗವು ಅವರ ಕಲ್ಪನೆಯಲ್ಲಿ ಸುಳಿದಿರಲಾರದು. ಆದುದರಿಂದಲೇ, ಮನೆಯ ಹಿರಿಯರೆಲ್ಲರನ್ನೂ ಕಾರವಾರಕ್ಕೆ ಕರೆದೊಯ್ಯುವ ಮಾತನ್ನು ನಾವು ಎತ್ತಿದಾಗ ಆಯಿಯ ಬಾಯಿಂದ ಮೊದಲು ಹೊರಟುದು, "ಅಲ್ಲೇನ್ ಕೆಲಸ ಐತಪ್ಪಾ ನಮ್ದು?" ಎಂಬ ಪ್ರಶ್ನೆಯೇ.

ಕೆಲಸವೇನೂ ಇಲ್ಲವೆಂದೂ, ಕೆಲಸವಿಲ್ಲದಿರುವುದೇ ಈ ಪ್ರವಾಸದ ಉದ್ದೇಶವೆಂದೂ ಮನಗಾಣಿಸಿದ ಮೇಲೆ ಯೋಜನೆಯ ಚರ್ಚೆಯು ಮೊದಲಾಯಿತು. ತರುಣರು ಮೊಬೈಲನ್ನು ಹಿಡಿದು ಪಟ್ಟಿಯೊಂದನ್ನು ಸಿದ್ಧಪಡಿಸಿದರು: ಸದಾಶಿವಗಡ, ಕೂರ್ಮಗಡದ ದ್ವೀಪ, ದೇವಬಾಗ, ಮಾಜಾಳಿ, ಯುದ್ಧನೌಕೆಯ ವಸ್ತುಸಂಗ್ರಹಾಲಯ, ಬರುವಾಗ ಮಾಗೋಡ ಜಲಪಾತ, ಸಾಧ್ಯವಾದರೆ ಗೋಕರ್ಣ, ಇನ್ನೂ ಸಾಧ್ಯವಾದರೆ ಯಾಣ, ಇವೆಲ್ಲವೂ ಒಂದೇ ದಿನದಲ್ಲಿ. ಪಟ್ಟಿಯನ್ನು ಗಂಭೀರವಾಗಿ ಆಲಿಸಿದ ಹಿರಿಯರು ಅದಕ್ಕೆ ವಿರೋಧವನ್ನೇನೂ ಸೂಚಿಸಲಿಲ್ಲ; ಪ್ರತಿಯೊಂದು ಸ್ಥಳದ ಹೆಸರು ಬಂದಾಗಲೂ ನಾಲ್ಕೇ ನಾಲ್ಕು ಪ್ರಶ್ನೆಗಳನ್ನು ಕೇಳಿದರು. ಮೆಟ್ಟಲ ಎಷ್ಟು? ಕುಂದರಾಕ ಏನೈತಿ? ನೆರಳ ಐತೇನು? ಸಂಡಾಸ ಎಂಥಾದ್ದು? ಈ ಚತುಃಸೂತ್ರಿಯ ಮುಂದೆ ಆ ಭವ್ಯವಾದ ಪಟ್ಟಿಯು ಒಂದೊಂದಾಗಿ ಉದುರತೊಡಗಿತು. ಕೂರ್ಮಗಡವು ದೋಣಿಯನ್ನು ಹತ್ತಿಳಿಯುವ ತೊಡಕಿನಿಂದ ಬಿದ್ದಿತು, ಯಾಣವು ಕಾಲ್ನಡಿಗೆಯಿಂದ ಬಿದ್ದಿತು, ಸದಾಶಿವಗಡದ ಪರವಾಗಿ ಹುಡುಗನೊಬ್ಬನು, ಮೇಲಿನಿಂದ ಕಾಳಿನದಿಯು ಸಮುದ್ರವನ್ನು ಸೇರುವ ನೋಟವು ಅಪೂರ್ವವೆಂದು ವಾದಿಸಿದಾಗ, ದೊಡ್ಡಪ್ಪನವರು, "ಅಲ್ಲೋ ತಮ್ಮಾ, ಗುಡ್ಡಾ ಹತ್ತಿ ನೋಡಿದ್ರ ಸಮುದ್ರ ಮತ್ತಿಷ್ಟು ದೊಡ್ಡದಾಗತೈತೇನು?" ಎಂದರು. ಆ ತರ್ಕಕ್ಕೆ ಉತ್ತರವಿರಲಿಲ್ಲ. ಕೊನೆಗೆ ಪಟ್ಟಿಯಲ್ಲಿ ಉಳಿದುದು ಒಂದೇ ವಸ್ತು, ಅದು ಸಮುದ್ರ.

ಇನ್ನು ಕಾಲನಿರ್ಣಯ. ಮಳೆಗಾಲವು ಮೊದಲೇ ನಿಷಿದ್ಧ. ಆಗ ಕಡಲೂ ಮುನಿದಿರುವುದು, ಘಟ್ಟದ ಮಣ್ಣೂ ನಂಬಿಕೆಗೆ ಅರ್ಹವಲ್ಲ. 2024ರ ಜುಲೈ ತಿಂಗಳಲ್ಲಿ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಕುಸಿದು ಜನರನ್ನು ಬಲಿತೆಗೆದುಕೊಂಡುದನ್ನು ಯಾರೂ ಮರೆತಿಲ್ಲ. ಬೇಸಗೆಯ ಬೆವರು ಬೇಡ, ಉಳಿದುದು ಚಳಿಗಾಲ. ಅದರಲ್ಲಿಯೂ ಯಾವ ದಿನವೆಂಬುದನ್ನು ತೀರ್ಮಾನಿಸಿದವರು ನಿವೃತ್ತ ಮಾಸ್ತರರಾದ ನಮ್ಮ ಕಾಕಾ. ಅವರು ಅದಕ್ಕೆ ಬಳಸಿದ ಸಾಧನವು ಪಂಚಾಂಗ. ಭರತ ಇಳಿತಗಳು ಚಂದ್ರನಿಗೆ ಅಧೀನವಾದುವು, ದಿನದಿಂದ ದಿನಕ್ಕೆ ಐವತ್ತು ನಿಮಿಷಗಳಷ್ಟು ತಡವಾಗುತ್ತ ಹೋಗುವುವು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಈ ಕರಾವಳಿಯ ಭರತವು ನಡುಹಗಲಿನ ಹೊತ್ತಿಗೂ ಇಳಿತವು ಸಂಜೆಯ ಹೊತ್ತಿಗೂ ಬೀಳುವುದರಿಂದ, ಬಿಸಿಲಿಳಿದಾಗ ತೀರದಲ್ಲಿ ಅಗಲವಾದ, ಗಟ್ಟಿಯಾದ, ಒದ್ದೆ ಮರಳಿನ ಸಮತಟ್ಟು ತೆರೆದುಕೊಳ್ಳುವುದು. ಮುದುಕರ ಪಾದಗಳಿಗೂ ಗಾಲಿಕುರ್ಚಿಗೂ ಇದಕ್ಕಿಂತ ಮೆತ್ತನೆಯ, ಇದಕ್ಕಿಂತ ಭದ್ರವಾದ ರಾಜಮಾರ್ಗವಿಲ್ಲ. ಬನದ ಹುಣ್ಣಿಮೆಯ ಮರುದಿನವೆಂದು ಗೊತ್ತಾಯಿತು. ತಿಥಿ ನೋಡುವ ಹಿರಿಯರ ಅಭ್ಯಾಸವನ್ನು ಕಂಡು ನಗುತ್ತಿದ್ದ ಹುಡುಗರು, ಅದೇ ತಿಥಿಯಿಂದ ಸಮುದ್ರದ ಸಮಯಪಟ್ಟಿಯು ಹೊರಟುದನ್ನು ಕಂಡು ತೆಪ್ಪಗಾದರು.

ವಾಹನದ ಪ್ರಶ್ನೆಯಲ್ಲಿ ಮಾತ್ರ ಸ್ತ್ರೀಪುರುಷ ಪಕ್ಷಗಳಾದುವು. ಸರಕಾರದ ಬಸ್ಸಿನಲ್ಲಿ ಅರವತ್ತು ದಾಟಿದವರಿಗೆ ನೂರಕ್ಕೆ ಇಪ್ಪತ್ತೈದರಷ್ಟು ರಿಯಾಯಿತಿಯುಂಟೆಂದು ಕಾಕಾ ಹೇಳಿದೊಡನೆ, 2023ರ ಜೂನಿನಿಂದ ಶಕ್ತಿ ಯೋಜನೆಯ ಫಲಾನುಭವಿಯಾದ ಆಯಿಯು, "ನಿಮಗ ಇಪ್ಪತ್ತೈದು ಬಿಟ್ಟಾರ, ನಮಗ ಪೂರ್ತಿ ಬಿಟ್ಟಾರ, ಕಿಡಕಿ ಕಡೀಗೆ ನಾವ ಕುಂದರೋದು" ಎಂದು ಆಸನವ್ಯವಸ್ಥೆಯನ್ನೇ ಮುಗಿಸಿಬಿಟ್ಟಳು. ಆದರೆ ಹುಬ್ಬಳ್ಳಿಯಲ್ಲಿ ಇಳಿದು ಬಸ್ಸು ಬದಲಿಸುವುದೂ, ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಮೊಳದೆತ್ತರವಿರುವುದೂ, ಬೇಕೆಂದಲ್ಲಿ ನಿಲ್ಲಿಸಲಾಗದಿರುವುದೂ ನೆನಪಿಗೆ ಬಂದು, ಕಡೆಗೆ ಬಾಡಿಗೆಯ ಕ್ರೂಸರೊಂದನ್ನು ಗೊತ್ತುಮಾಡಲಾಯಿತು. ಅದರ ಮೆಟ್ಟಿಲೂ ಎತ್ತರವೇ. ಅದಕ್ಕೆ ಅಡುಗೆಮನೆಯ ಮಣೆಯೊಂದನ್ನು ಜೊತೆಗೆ ಹಾಕಿಕೊಂಡೆವು. ಆ ದಿನವೆಲ್ಲ ಹತ್ತಲು ಮೆಟ್ಟಿಲಾಗಿ, ಇಳಿಯಲು ಆಸರೆಯಾಗಿ, ಕುಳಿತಾಗ ಕಾಲಿಡುವ ಪೀಠವಾಗಿ ಒದಗಿದ ಆ ಮಣೆಯ ಉಪಕಾರವು ಸಣ್ಣದಲ್ಲ. ಹೋಗಿಬರುವುದೆರಡೂ ಒಂದೇ ದಿನವೆಂಬ ಹಟವನ್ನೂ ಕೈಬಿಟ್ಟೆವು. ಸೂರ್ಯಾಸ್ತವನ್ನು ನೋಡಿ ರಾತ್ರಿಯಲ್ಲಿ ಘಟ್ಟ ಹತ್ತುವುದು ಚಾಲಕನಿಗೂ ಬೇಡ, ಒಳಗಿನವರಿಗೂ ಬೇಡವೆಂದು, ನೆಲಮಹಡಿಯಲ್ಲಿ ಕೋಣೆಗಳೂ ಕೋಣೆಯಲ್ಲಿ ಕಮೋಡೂ ಇರುವ ವಸತಿಗೃಹವನ್ನು ಮೊದಲೇ ಫೋನಿನಲ್ಲಿ ಎರಡೆರಡು ಸಲ ಕೇಳಿ ನಿಶ್ಚಯಿಸಿಕೊಂಡೆವು.

ಬುತ್ತಿಯ ವಿಷಯವನ್ನು ದೀರ್ಘವಾಗಿ ಬರೆಯುವುದು ಅನಗತ್ಯ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ, ಸವಣೂರಿನ ಖಾರಾ, ಸವಣೂರಿನದೇ ವೀಳ್ಯದೆಲೆ. ಅವುಗಳ ಪಕ್ಕದಲ್ಲಿಯೇ ಗುಳಿಗೆಗಳ ಡಬ್ಬಿ. ಅರಬೈಲ ಘಟ್ಟದ ತಿರುವುಗಳಿಗೆಂದು ನಿಂಬೆಹಣ್ಣು. ಹಿಂದಿನ ಅಡ್ಡಸೀಟಿನಲ್ಲಿ ಕುಳಿತವರಿಗೆ ಹೊಟ್ಟೆ ತೊಳಸುವುದೆಂದು ಅಲ್ಲಿ ತರುಣರನ್ನು ಕೂರಿಸಿದುದರಿಂದ, ಆ ನಿಂಬೆಹಣ್ಣುಗಳು ಅವರಿಗೇ ವ್ಯಯವಾದುವು.

ಬೆಳಗಿನ ತಂಪಿನಲ್ಲಿ ಹೊರಟು, ಯಲ್ಲಾಪುರದಲ್ಲಿ ಚಹಾ ಕುಡಿದು, ಕಾಲು ಜೋಮು ಹಿಡಿದಾಗಲೆಲ್ಲ ನಿಂತು, ಹನ್ನೊಂದೂವರೆಯ ಹೊತ್ತಿಗೆ ಕಾರವಾರವನ್ನು ತಲುಪಿದೆವು. ತಲುಪಿದೊಡನೆ ಸಮುದ್ರವನ್ನು ನೋಡಲಿಲ್ಲವೆಂದರೆ ಓದುಗರು ನಂಬಲಾರರು, ಉಂಡು ಮಲಗಿದೆವು. ನಡುಹಗಲಿನ ಮರಳು ಪಾದವನ್ನು ಸುಡುವುದು, ನೀರಿನ ಮೇಲಿನ ಬೆಳಕು ಕಣ್ಣನ್ನು ಚುಚ್ಚುವುದು. ಆ ಹೊತ್ತನ್ನು ನಿದ್ರೆಗೆ ಒಪ್ಪಿಸಿದುದು ಈ ಯೋಜನೆಯ ಅತ್ಯಂತ ಜಾಣತನದ ಭಾಗವೆಂದು ಈಗಲೂ ನನ್ನ ನಂಬಿಕೆ. ನಾಲ್ಕು ಗಂಟೆಗೆ ಎದ್ದು, ಮುಖ ತೊಳೆದು, ರವೀಂದ್ರನಾಥ ಠಾಕೂರರ ಹೆಸರಿನ ಕಡಲತೀರಕ್ಕೆ ಹೋದೆವು. ಅಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಚಪಲ್ ಎಂಬ ಕ್ಷಿಪಣಿನೌಕೆಯನ್ನು ಹುಡುಗರು ಒಳಹೊಕ್ಕು ನೋಡಿಬಂದರು. ಯುದ್ಧಕ್ಕೆಂದು ಕಟ್ಟಿದ ನೌಕೆಯು ಮುದುಕರ ಮಂಡಿಗಳನ್ನು ಲೆಕ್ಕಕ್ಕೆ ಹಿಡಿದು ಕಟ್ಟಿದುದಲ್ಲವಷ್ಟೆ. ಹಿರಿಯರು ಹೊರಗೆ ನಿಂತೇ ಅದರ ಮೈಯನ್ನು ನೋಡಿ, ಸಮುದ್ರದ ಹಡಗು ನೆಲದ ಮೇಲೆ ನಿವೃತ್ತವಾಗಿರುವುದು ತಮಗೆ ಅರ್ಥವಾಗುವ ಸಂಗತಿಯೆಂದು ತಲೆದೂಗಿದರು.

ನಿಜವಾದ ಕಷ್ಟವು ಎದುರಾದುದು ಅದಾದ ಮೇಲೆ. ರಸ್ತೆಗೂ ಒದ್ದೆ ಮರಳಿಗೂ ನಡುವೆ ಒಣ ಮರಳಿನ ಪಟ್ಟಿಯೊಂದಿರುವುದು. ಘಟ್ಟವನ್ನೇ ಇಳಿದುಬಂದವರಿಗೆ ಈ ಕೊನೆಯ ನೂರು ಹೆಜ್ಜೆಗಳು ದುರ್ಗಮವಾಗುವುವು. ದೊಡ್ಡಪ್ಪನವರು ಊರುಗೋಲನ್ನೂರಿದರೆ ಅದು ಗೇಣುದ್ದ ಒಳಗಿಳಿಯಿತು. ಕಿತ್ತು ಮತ್ತೊಂದು ಕಡೆ ಊರಿದರೆ ಅಲ್ಲಿಯೂ ಅದೇ ಗತಿ. ಅತ್ತೆಯ ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಹೂತು, ಕುರ್ಚಿಯು ಮುಂದಕ್ಕೆ ವಾಲಿ ನಿಂತಿತು. ಆಗ ನೆನಪಾದುದು, ಕಣದಲ್ಲಿ ಗೋವಿನಜೋಳ ಒಣಗಿಸಲು ಹಾಸುವ ತಾಡಪತ್ರಿ. ಕೂರಲು ಬೇಕಾದೀತೆಂದು ಅದನ್ನು ತಂದಿದ್ದೆವು. ಅದನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೆ ನಡೆಸಿ, ಹಿಂದಿನದನ್ನು ಎಳೆದು ಮುಂದಕ್ಕೆ ಹಾಸಿ, ಹೀಗೆ ಕಂತುಕಂತಾಗಿ ಎಲ್ಲರೂ ತೀರವನ್ನು ಮುಟ್ಟಿದರು. ಒದ್ದೆ ಮರಳಿನ ಮೇಲೆ ದೊಡ್ಡಪ್ಪನವರು ಕೋಲನ್ನು ಅನುಮಾನದಿಂದಲೇ ಊರಿದರು. ಅದು ಬೆರಳ ಗಂಟಿನಷ್ಟೂ ಇಳಿಯಲಿಲ್ಲ. ಎತ್ತಿದಾಗ ದುಂಡಗಿನ ಗುರುತೊಂದು ಉಳಿದು, ಅದರಲ್ಲಿ ನೀರು ಒಸರಿ ತುಂಬಿ, ಮುಂದಿನ ತೆರೆಗೆ ಅಳಿಸಿಹೋಯಿತು. ಅವರು ಅದನ್ನೇ ಮತ್ತೆ ಮತ್ತೆ ಮಾಡಿ ನೋಡುತ್ತ ಬಹಳ ಹೊತ್ತು ಕಳೆದರು.

ಆ ಮೇಲೆ ಎರಡು ತಾಸು ಯಾರೂ ಎಲ್ಲಿಗೂ ಹೋಗಲಿಲ್ಲ. ದೂರದಲ್ಲಿ ರಂಪಣಿಯವರು ಬಲೆಯನ್ನೆಳೆಯುತ್ತಿದ್ದರು. ದೋಣಿಯಿಂದ ಅರ್ಧವೃತ್ತವಾಗಿ ಬಿಟ್ಟ ಬಲೆಯ ಎರಡು ತುದಿಗಳನ್ನು ದಡದ ಮೇಲೆ ಎರಡು ಸಾಲು ಜನರು ಹಿಡಿದು, ಹೆಜ್ಜೆಹೆಜ್ಜೆಗೂ ಹಿಂದೆ ಸರಿಯುತ್ತ ಎಳೆಯುವುದನ್ನು ಕಂಡು ಆಯಿಯು, "ತೇರು ಎಳದಂಗ ಎಳೀತಾರಲ್ಲ!" ಎಂದಳು. ಯಂತ್ರದೋಣಿಗಳೂ ಪರ್ಸೀನ್ ಬಲೆಗಳೂ ಎಪ್ಪತ್ತರ ದಶಕದ ಉತ್ತರಾರ್ಧದಿಂದ ಬಂಗಡೆ ತಾರಲಿಗಳನ್ನು ನಡುಗಡಲಿನಲ್ಲಿಯೇ ಬಾಚತೊಡಗಿದ ಮೇಲೆ ದಡದ ಈ ಸಾಮೂಹಿಕ ಬೇಟೆಯು ಕ್ಷೀಣಿಸಿದೆ. ಬಲೆಯು ಮೇಲೆ ಬರುವುದಕ್ಕೆ ಹಿಡಿದ ಕಾಲವು ದೀರ್ಘ, ಸಿಕ್ಕಿದ ಮೀನು ಸ್ವಲ್ಪ. ಅವಸರದವನು ಇದನ್ನು ಪೂರ್ತಿಯಾಗಿ ನೋಡಲಾರನು. ಆರೂಕಾಲರ ಸುಮಾರಿಗೆ ಸೂರ್ಯನು ನೀರಿಗಿಳಿದನು. ಕೆಲಹೊತ್ತಿನಲ್ಲಿಯೇ ಹಿಂದಿನ ಗುಡ್ಡಗಳ ಮೇಲೆ ಪಾಡ್ಯದ ಚಂದ್ರನು ಎದ್ದನು.

ಠಾಕೂರರು ಈ ತೀರಕ್ಕೆ ಬಂದಾಗ ಅವರಿಗೆ ಇಪ್ಪತ್ತೆರಡರ ಪ್ರಾಯ. 1883ರಲ್ಲಿ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಳುದಿಂಗಳಿನಲ್ಲಿ ಕಾಳಿನದಿಯ ಮೇಲೆ ದೋಣಿಯಲ್ಲಿ ಹೋಗಿ, ಹಿಂದಿರುಗುವಾಗ ಮರಳಿನ ಮೇಲೆ ನಡೆದು ಮನೆ ಸೇರಿದುದನ್ನು ಅವರು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ'ವೆಂಬ ನಾಟಕವನ್ನು ಬರೆದುದೂ ಇಲ್ಲಿಯೇ. ತರುಣನಾದ ಕವಿಗೆ ಒಣ ಮರಳು ಅಡ್ಡಿಯಾಗಲಿಲ್ಲ. ಕಡಲತೀರಗಳನ್ನು ರೂಪಿಸುವವರ ಕಣ್ಣ ಮುಂದೆಯೂ ಇಂತಹ ತರುಣನೇ ಇರುವನೆಂದು ತೋರುತ್ತದೆ. ತೊಟ್ಟಿಲು ಹೊತ್ತ ತಾಯಿಯೂ, ಕೋಲೂರಿದ ಅಜ್ಜನೂ, ಗಾಲಿಕುರ್ಚಿಯ ಅತ್ತೆಯೂ ರಸ್ತೆಯ ಕಟ್ಟೆಯ ಮೇಲೆ ಕುಳಿತು ದೂರದಿಂದ ಕೈಮುಗಿಯಲೆಂದು ಸಮುದ್ರವೇನೂ ಹೇಳಿಲ್ಲ. ಚೆನ್ನೈಯ ಮರೀನಾ ತೀರದಲ್ಲಿ 2022ರ ನವೆಂಬರಿನಲ್ಲಿ ಅಂಗವಿಕಲರಿಗೆಂದು ಮರಳಿನ ಮೇಲೆ ಮರದ ಹಾದಿಯೊಂದನ್ನು ಹಾಕಿದರು, ಮುಂದಿನ ತಿಂಗಳೇ ಮಾಂಡೌಸ್ ಚಂಡಮಾರುತವು ಅದನ್ನು ಕೆಡಿಸಿತು, ಮತ್ತೆ ದುರಸ್ತಿಮಾಡಿದರು. ನೂರು ಹೆಜ್ಜೆಯ ಹಲಗೆಹಾದಿ, ಬೆನ್ನಿಗೆ ಆಸರೆಯುಳ್ಳ ಕೆಲವು ಬೆಂಚುಗಳು, ಬೀಗ ಹಾಕದ ಒಂದು ಶೌಚಾಲಯ: ಮುಪ್ಪಿನವರಿಗೆ ಕಡಲನ್ನು ದೊರಕಿಸಿಕೊಡಲು ಪಟ್ಟಣವೊಂದು ಮಾಡಬೇಕಾದುದು ಇಷ್ಟೇ. ಉಳಿದುದನ್ನು ಭರತ ಇಳಿತಗಳು ತಾವೇ ನೋಡಿಕೊಳ್ಳುವುವು.

ಮರುದಿನ ನಿಧಾನವಾಗಿ ಘಟ್ಟ ಹತ್ತಿ ಊರು ಸೇರಿದೆವು. ನೆರೆಹೊರೆಯವರು ಬಂದು ಏನೇನು ನೋಡಿದಿರೆಂದು ವಿಚಾರಿಸಿದಾಗ, ಹುಡುಗರು ಮೊಬೈಲಿನ ಚಿತ್ರಗಳನ್ನು ತೋರಿಸಿ ಐದು ನಿಮಿಷದಲ್ಲಿ ಮುಗಿಸಿದರು. ಒಂದೇ ವಸ್ತುವನ್ನು ನೋಡಿದ್ದ ಹಿರಿಯರ ವರ್ಣನೆಯು ಮಾತ್ರ ವಾರವಾದರೂ ಮುಗಿಯಲಿಲ್ಲ. ಪಟ್ಟಿಯಿಂದ ಬಿಟ್ಟಷ್ಟೂ ಬುತ್ತಿ ಹೆಚ್ಚುವ ಪ್ರವಾಸವಿದೆಂದು ನಾನು ಬೀಗುತ್ತಿರುವಾಗಲೇ, ಸದಾಶಿವಗಡದ ಮೆಟ್ಟಿಲನ್ನು ತರ್ಕದಿಂದ ಹೊಡೆದುರುಳಿಸಿದ ದೊಡ್ಡಪ್ಪನವರು ಪೇಪರಿನಿಂದ ಕಣ್ಣೆತ್ತಿ, "ಮುರ್ಡೇಶ್ವರದ ಗೋಪುರ ಇಪ್ಪತ್ತ ಅಂತಸ್ತ ಐತಂತ; ಲಿಫ್ಟ್ ಹಾಕ್ಯಾರಂತಲ್ಲೋ ತಮ್ಮಾ?" ಎಂದರು. ಕಾಕಾ ಆಗಲೇ ಪಂಚಾಂಗವನ್ನು ತಿರುವತೊಡಗಿದ್ದರು.