ಪಕ್ಕದ ತಂಡದ ಐಡಿಯಾ ಒಪ್ಪಿಕೊಂಡ ಕರ್ನಲ್

ಮ್ಯಾಪ್ ತೆರೆದ ತಕ್ಷಣ ನೀವೆಲ್ಲಿದ್ದೀರಿ ಅಂತ ತೋರಿಸುವ ನೀಲಿ ಚುಕ್ಕೆ ಇದೆಯಲ್ಲ, ಅದರ ಹಿಂದೆ ಒಂದು ಲಾಂಗ್ ವೀಕೆಂಡ್ ಹಾಳು ಮಾಡಿಕೊಂಡವರ ಕಥೆ ಇದೆ ಅಂದ್ರೆ ನಂಬ್ತೀರಾ?

1970ರ ದಶಕದ ಶುರುವಿನಲ್ಲಿ ಅಮೆರಿಕದ ನೌಕಾಪಡೆ ಮತ್ತು ವಾಯುಪಡೆ ಉಪಗ್ರಹದಿಂದ ದಾರಿ ತೋರಿಸುವ ತಮ್ಮತಮ್ಮ ಯೋಜನೆ ಹಿಡಿದು ಕೂತಿದ್ದವು. ನೌಕಾಪಡೆಯದು 'ಟೈಮೇಷನ್', ವಾಯುಪಡೆಯದು '621ಬಿ'. ವಾಯುಪಡೆಯ ಕರ್ನಲ್ ಬ್ರಾಡ್‌ಫರ್ಡ್ ಪಾರ್ಕಿನ್ಸನ್, ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್‌ಡಿ ಮಾಡಿದ ಎಂಜಿನಿಯರ್. 1973ರ ಆಗಸ್ಟ್‌ನಲ್ಲಿ ಅವರು ಮಂಡಿಸಿದ ಯೋಜನೆಯನ್ನು ರಕ್ಷಣಾ ಇಲಾಖೆ ತಿರಸ್ಕರಿಸಿತು.

ನಾವಾಗಿದ್ರೆ ಅದೇ ಪಿಪಿಟಿಗೆ ಬಣ್ಣ ಬದಲಾಯಿಸಿ ಮತ್ತೆ ಹೋಗ್ತಿದ್ವೇನೋ. ಪಾರ್ಕಿನ್ಸನ್ ಸೆಪ್ಟೆಂಬರ್‌ನ ಲೇಬರ್ ಡೇ ರಜೆಯಲ್ಲಿ, ಜನರೇ ಇಲ್ಲದ ಪೆಂಟಗನ್‌ಗೆ ಸುಮಾರು ಒಂದು ಡಜನ್ ಜನರನ್ನು ಕರೆಸಿದರು. ಹೊರಬಂದಾಗ ಹೊಸ ಡಿಸೈನ್ ಸಿದ್ಧವಾಗಿತ್ತು. ಸಿಗ್ನಲ್ ಕಳಿಸುವ ರೀತಿ ತಮ್ಮ 621ಬಿಯದು: ಎಲ್ಲ ಉಪಗ್ರಹಗಳಿಗೂ ಒಂದೇ ತರಂಗಾಂತರ, ಒಂದೊಂದಕ್ಕೂ ಬೇರೆ ಕೋಡ್. ಆದರೆ ಉಪಗ್ರಹದೊಳಗೇ ಅಣು ಗಡಿಯಾರ ಇಡುವುದು ನೌಕಾಪಡೆಯವರು ಬೆಳೆಸಿದ ವಿಚಾರ. ಗಡಿಯಾರವೇ ಇಲ್ಲಿ ಜೀವಾಳ. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂಟಿಮೀಟರ್ ಹೋಗುತ್ತೆ. ಗಡಿಯಾರ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ ದೂರದ ಲೆಕ್ಕ 300 ಮೀಟರ್ ತಪ್ಪುತ್ತೆ!

ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. 1978ರ ಫೆಬ್ರವರಿಯಲ್ಲಿ ಮೊದಲ ಜಿಪಿಎಸ್ ಉಪಗ್ರಹ ಹಾರಿತು. ವ್ಯವಸ್ಥೆ ಪೂರ್ತಿ ಸಜ್ಜಾಗಿದ್ದು 1995ರಲ್ಲಿ.

ಇದನ್ನು ಬರೀ ಸ್ಫೂರ್ತಿಯ ಕಥೆ ಮಾಡೋಕೆ ನನಗೆ ಮನಸ್ಸಿಲ್ಲ. ಆ ತಂಡದ ಗುರಿ ಎರಡೇ. ಒಂದೇ ಗುಂಡಿಗೆ ಐದು ಬಾಂಬ್ ಬೀಳಿಸಬೇಕು, ಮತ್ತು 10,000 ಡಾಲರಿಗಿಂತ ಅಗ್ಗದ ರಿಸೀವರ್ ಮಾಡಬೇಕು. ಮೊದಲನೇ ಸಾಲು ಓದಿದಾಗ ಕಸಿವಿಸಿ ಆಗುತ್ತೆ. ಎರಡನೇ ಸಾಲಿನಿಂದಲೇ ಇವತ್ತು ಆಂಬುಲೆನ್ಸ್ ನಮ್ಮ ಗಲ್ಲಿ ಹುಡುಕಿಕೊಂಡು ಬರುತ್ತೆ. ಎರಡೂ ಒಂದೇ ಸಿಗ್ನಲ್‌ನಿಂದ. ದೇಶದ ಭದ್ರತೆಗಾಗಿ ಬಾಹ್ಯಾಕಾಶದಲ್ಲಿ ಕೆಲಸ ಮಾಡುವವರು ಈ ಭಾರ ಹೊತ್ತೇ ಆಫೀಸಿಗೆ ಹೋಗಬೇಕು.

ಇನ್ನೊಂದು ಮಾತು. ಜಿಪಿಎಸ್‌ನ ಜನಕ ಯಾರು ಅನ್ನೋ ವಾದ ಇನ್ನೂ ಮುಗಿದಿಲ್ಲ. ಪಾರ್ಕಿನ್ಸನ್ ಅನ್ನುವವರಿದ್ದಾರೆ, ಟೈಮೇಷನ್ ಕಟ್ಟಿದ ರೋಜರ್ ಈಸ್ಟನ್ ಅನ್ನುವವರೂ ಇದ್ದಾರೆ. ಐಡಿಯಾಗಳನ್ನು ಬೆರೆಸೋದಕ್ಕಿಂತ ಹೆಸರು ಹಂಚೋದೇ ಕಷ್ಟ.

ಇದು ಈಗ ನನಗೆ ಯಾಕೆ ಬೇಕು ಅಂದ್ರೆ, ನಾನು ಟೀಮ್ ಲೀಡ್ ಆಗಿ ಆರು ತಿಂಗಳು. ಒಂದೇ ಕೆಲಸಕ್ಕೆ ನಮ್ಮ ತಂಡದ ಡಿಸೈನ್ ಒಂದು, ಪಕ್ಕದ ತಂಡದ್ದು ಇನ್ನೊಂದು. ನಮ್ಮದನ್ನು ಗೆಲ್ಲಿಸಿದ್ರೆ ಈ ವರ್ಷದ ಅಪ್ರೈಸಲ್‌ಗೆ ಒಳ್ಳೇದು, ನನ್ನ ಹುಡುಗರಿಗೂ ಖುಷಿ. ಆದರೆ ಡೇಟಾ ಕಳೆದುಹೋಗದ ಹಾಗೆ ನೋಡಿಕೊಳ್ಳುವ ಭಾಗ ಅವರದ್ದೇ ಗಟ್ಟಿ. ಆ ಭಾಗವನ್ನು ಹಾಗೇ ತಗೊಂಡು, ಡಾಕ್ಯುಮೆಂಟಿನ ಮೊದಲ ಪುಟದಲ್ಲೇ ಅವರ ಹೆಸರು ಬರೆದಿದ್ದೀನಿ. 'ನೀವು ಯಾರ ಕಡೆ ಸರ್?' ಅಂತ ನಮ್ಮ ಹುಡುಗರು ಕೇಳೇ ಕೇಳ್ತಾರೆ. ಕೇಳಲಿ. ಸೋಮವಾರ ರಿವ್ಯೂ ಇದೆ.