ನಾವೇ ಮುಚ್ಚಿದ ಬಾವಿ

2016ರ ಬೇಸಿಗೆ. ಔರಾದ್, ಭಾಲ್ಕಿ ಕಡೆಯ ಊರುಗಳಲ್ಲಿ ಟ್ಯಾಂಕರಿಗೆ ಸಾಲಿಟ್ಟ ಕೊಡಗಳ ಸುದ್ದಿಯನ್ನೇ ನಾವು ದಿನವೂ ಕಳುಹಿಸುತ್ತಿದ್ದೆವು. ಅದೇ ವರ್ಷಗಳಲ್ಲಿ ಬೀದರ್‌ನ ನೌಬಾದಿನಲ್ಲಿ ಸುರಂಗ ಬಾವಿಯ ಹೂಳು ತೆಗೆಯಲಾಯಿತು. 15ನೇ ಶತಮಾನದ, ಬಹಮನಿ ಕಾಲದ ನೆಲದಡಿಯ ಕಾಲುವೆ ಅದು. ಉದ್ದ ಸುಮಾರು 3 ಕಿ.ಮೀ., ಗಾಳಿ-ಬೆಳಕಿಗೆ 21 ಬಾವಿ. ಪಂಪಿಲ್ಲ, ಕರೆಂಟಿಲ್ಲ, ಇಂಗಿದ ಮಳೆನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತದೆ.

ಹಿರಿಯರ ಜಾಣತನ ಹೊಗಳಿ ಬರೆದು ಊರಿಗೆ ಹೋದೆವು. ಅವ್ವ ಕೇಳಿದಳು: “ನಮ್ಮ ಓಣಿ ಬಾವ್ಯಾಗ ಕಸ ಹಾಕಿದವರು ಯಾರಪಾ?”

ನಲ್ಲಿ ಬಂದ ವರ್ಷ ನಾವೇ ಹಾಕಿದ್ದೆವು.

ಮರುದಿನ ಹಗ್ಗ, ಬುಟ್ಟಿ ಹಿಡಿದು ಓಣಿಯ ಏಳು ಮಂದಿ ಇಳಿದೆವು. ಮೂರು ವಾರಕ್ಕೆ ಹಸಿ ಮಣ್ಣು ಸಿಕ್ಕಿತು. ಮಳೆ ಬಿದ್ದ ಮೇಲೆ ನೀರು ನಿಂತಿತು. ಕುಡಿಯಲು ಬರಲಿಲ್ಲ, ದನಗಳಿಗೆ ಆಯಿತು.

ನಿಮ್ಮ ಓಣಿಯ ಬಾವಿ ಹೇಗಿದೆ? ಒಮ್ಮೆ ಬಗ್ಗಿ ನೋಡಿ.