ಎರಡು ವಾರಕ್ಕೆ ಎಷ್ಟು ತಯಾರಿ?

ಮುಂದಿನ ತಿಂಗಳು ನಮ್ಮ ಚರ್ಚಿನಿಂದ ಆರು ಜನ ಎರಡು ವಾರದ ಸೇವೆಗೆ ಕೀನ್ಯಾಗೆ ಹೊರಟಿದ್ದೀವಿ. ಅಲ್ಲಿನ ಶಾಲೆಯೊಂದರ ಮಕ್ಕಳಿಗೆ ಕಂಪ್ಯೂಟರ್ ಕಲಿಸೋದು ನನ್ನ ಪಾಲಿನ ಕೆಲಸ. ಆಫೀಸಲ್ಲಿ ರಜೆ ಸಿಕ್ತು. ಹಳದಿ ಜ್ವರದ ಲಸಿಕೆಯೂ ಆಯ್ತು. ನೀವೂ ಹೊರಡೋರಾದ್ರೆ ನೆನಪಿಡಿ, ಅದನ್ನ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸ್ಕೋಬೇಕು.

ಉತ್ತರ ಕೊಡೋಕೆ ಕಷ್ಟವಾಗಿದ್ದು ಅಮ್ಮನ ಪ್ರಶ್ನೆಗೆ. "ಯಲಹಂಕದಲ್ಲಿ ಕಲಿಸೋಕೆ ಮಕ್ಕಳಿಲ್ವೇನೋ? ಆ ಟಿಕೆಟ್ ದುಡ್ಡಲ್ಲಿ ಇಲ್ಲೇ ಎಷ್ಟು ಮಕ್ಕಳ ಫೀಸ್ ಕಟ್ಟಬಹುದು!"

ಆಗ ನೆನಪಾದವರು ಕಿಟೆಲ್. ಬಾಸೆಲ್ ಮಿಷನ್ನಿನ ಆ ಜರ್ಮನ್ ಪಾದ್ರಿ ಇಲ್ಲಿಗೆ ಬಂದಿದ್ದು 1853ರಲ್ಲಿ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಮಧ್ಯೆ 41 ವರ್ಷ! ಬೋಧಿಸೋಕೆ ಬಂದವರು ಮೊದಲು ಕೂತು ಕಲಿತರು. ನನಗಿರೋದು ಹದಿನಾಲ್ಕೇ ದಿನ. ಅಷ್ಟರಲ್ಲಿ ಯಾರನ್ನೂ ಉದ್ಧಾರ ಮಾಡೋಕಾಗಲ್ಲ, ಕಿವಿಗೊಡಬಹುದು ಅಷ್ಟೇ.

ಅದಕ್ಕೇ ಈಗ ಸ್ವಾಹಿಲಿ ಕಲೀತಿದ್ದೀನಿ. ಕಷ್ಟದಲ್ಲಿರೋರಿಗೆ 'ಪೋಲೆ' ಅಂತಾರಂತೆ. 'ಪೋಲೆ ಪೋಲೆ' ಅಂದ್ರೆ ನಿಧಾನ. ಹೆಬ್ಬಾಳ ಫ್ಲೈಓವರ್ ಮೇಲೆ ಕಲಿಯೋಕೆ ಸರಿಯಾದ ಪದ!

ವಾಪಸ್ ಬಂದ್ಮೇಲೆ ಶನಿವಾರ ಇಲ್ಲಿನ ಸರ್ಕಾರಿ ಶಾಲೆಯಲ್ಲೂ ಕಲಿಸ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೀನಿ. ಅಮ್ಮ ಇನ್ನೂ ಒಪ್ಪಿಲ್ಲ. ಆದ್ರೆ ಚಟ್ನಿಪುಡಿ ಕುಟ್ಟೋಕೆ ಶುರು ಮಾಡಿದ್ದಾರೆ.